ಥರ್ಜಾ ನಾನ್ಕಿವೆಲ್ ತೊಳೆಯದೆ ಇಟ್ಟ ರೀಲು

ನಮ್ಮ ಟ್ರೆವೆನ್ನಿನಲ್ಲಿ ಮನೆ ಕಟ್ಟುವ ಮೊದಲು ತೊಟ್ಟಿ ತೋಡುತ್ತಿದ್ದರು. ಮಳೆ ವರ್ಷಕ್ಕೆ ನಾಲ್ಕು ಸಲ ಮುಖ ತೋರಿಸಿ ಹೋಗುವ ಊರು, ಬಾವಿ ನೀರು ಬಾಯಿಗಿಟ್ಟರೆ ಬರೀ ಉಪ್ಪು. ಹಾಗಾಗಿ ಪ್ರತಿ ಹಿತ್ತಿಲಲ್ಲೂ ಹತ್ತಡಿ ಆಳದ ನೆಲತೊಟ್ಟಿ, ಅದಕ್ಕೆ ಒಬ್ಬರು ಇಳಿಯುವಷ್ಟು ಅಗಲದ ಬಾಯಿ, ಬಾಯಿಗೊಂದು ಮರದ ಮುಚ್ಚಳ. ಥರ್ಜಾಳ ಅಜ್ಜ ತೋಡಿದ್ದ ತೊಟ್ಟಿ 1919ರಲ್ಲಿ ಬಿರುಕು ಬಿಟ್ಟಿತು. ಅವರ ಮನೆಯ ಕೆಳಗೇ ತಾಮ್ರದ ಗಣಿಯ ಸುರಂಗ ಹಾದುಹೋಗಿತ್ತು. ಅಲ್ಲಿ ಸಿಡಿಮದ್ದು ಇಟ್ಟ ದಿನ ಇಲ್ಲಿ ತೊಟ್ಟಿಯ ತಳ ಸೀಳಿ, ಬೆಳಗಾಗುವಷ್ಟರಲ್ಲಿ ನೀರೆಲ್ಲ ಪಾತಾಳ ಸೇರಿತ್ತು. ಎಂಟು ವರ್ಷದ ಥರ್ಜಾ ಏಣಿ ಹಿಡಿದು ಒಳಗಿಳಿದು, "ಅಪ್ಪಾ, ಮುಚ್ಚಳ ಹಾಕು" ಅಂದಳಂತೆ. ಅಪ್ಪ ಹಾಕಿದ. ಒಳಗಿಂದ ಕೂಗು ಬಂತು: "ಏನೂ ಕಾಣ್ತಿಲ್ಲ! ಎಷ್ಟು ಚೆನ್ನಾಗಿದೆ!"

ಬೇರೆ ಮಕ್ಕಳಾಗಿದ್ದರೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಿದ್ದವು. ಅವಳಪ್ಪ ಗಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು, ಫೋಟೋದ ಹುಚ್ಚು ಹತ್ತಿಸಿಕೊಂಡಿದ್ದವನು. ಒಡೆದ ತೊಟ್ಟಿಯೇ ಅಪ್ಪ ಮಗಳ ಕತ್ತಲೆ ಕೋಣೆಯಾಯಿತು. ಅಪ್ಪ ತೀರಿಕೊಂಡ ಮೇಲೆ ಅವಳೊಬ್ಬಳದೇ ಆಯಿತು. ಆ ಹುಚ್ಚು ಅವಳನ್ನು ಸಾಯುವ ತನಕ ಬಿಡಲಿಲ್ಲ.

ನಾನು ಹೆಡ್ಲಿ ಪ್ಯಾಸ್ಕೋ. ಮುಖ್ಯ ಬೀದಿಯ ಔಷಧಿ ಅಂಗಡಿ ನಲವತ್ತೊಂದು ವರ್ಷ ನನ್ನದಾಗಿತ್ತು. ಇಲ್ಲಿ ಔಷಧಿ ಅಂಗಡಿಯವನೇ ರೀಲು ಮಾರುತ್ತಾನೆ, ತೊಳೆಸಲು ಅಡಿಲೇಡ್ ನಗರಕ್ಕೂ ಅವನೇ ಕಳಿಸುತ್ತಾನೆ. ಊರಿನವರ ಮದುವೆ, ನಾಯಿ, ಸಮುದ್ರಸ್ನಾನ ಎಲ್ಲ ನನ್ನ ಕೈ ಮೇಲೆ ಹಾದುಹೋಗಿವೆ. ಥರ್ಜಾಳವು ಮಾತ್ರ ಇಲ್ಲ. ಅವಳು ನನ್ನಲ್ಲಿ ಕೊಳ್ಳುತ್ತಿದ್ದದ್ದು ರೀಲು, ಕಾಗದ, ಚಿತ್ರ ಮೂಡಿಸುವ ಡೆವಲಪರ್ ಪುಡಿ, ಮೂಡಿದ್ದು ಅಳಿಯದಂತೆ ನಿಲ್ಲಿಸುವ ಹೈಪೋ ಪುಡಿ, ಅಷ್ಟೇ. "ಏ ಪುಡಿ ಅಂಗಡಿ, ಇವತ್ತಾದ್ರೂ ತಾಜಾ ಮಾಲು ಇದೆಯೇನೋ?" ಅಂತ ಬಾಗಿಲಿನಿಂದಲೇ ಕೂಗುವಳು, ನಾನೇನೋ ಹಿಟ್ಟು ಮಾರುವವನ ಹಾಗೆ. ನನಗೆ ಅವಳ ಮೇಲೆ ಮನಸ್ಸಿತ್ತು. ಈಗ ಮುಚ್ಚಿಟ್ಟು ಏನಾಗಬೇಕು? ಅವಳು ಗಾರ್ಫೀಲ್ಡ್ ನಾನ್ಕಿವೆಲ್‌ನನ್ನು ಮದುವೆಯಾದಳು. ನಾನು ಮದುವೆಗೆ ಹೋಗಿ ಕೇಕು ತಿಂದು ಬಂದೆ.

ಅವಳ ಕೆಲಸದ ರೀತಿಯೇ ಬೇರೆ. ಈಗಿನವರು ರೀಲನ್ನು ಡಬ್ಬಿಯೊಳಗೆ ಸುತ್ತಿ, ದೀಪ ಹಾಕಿಕೊಂಡು, ಗಡಿಯಾರ ನೋಡಿಕೊಂಡು ತೊಳೆಯುತ್ತಾರೆ. ಥರ್ಜಾ ಅಪ್ಪ ಕಲಿಸಿದಂತೆ ಕಗ್ಗತ್ತಲಲ್ಲಿ ರೀಲಿನ ಎರಡು ತುದಿ ಎರಡು ಕೈಯಲ್ಲಿ ಹಿಡಿದು, ತಟ್ಟೆಯ ಡೆವಲಪರಿನಲ್ಲಿ ಅದ್ದಿ ತೊಟ್ಟಿಲು ತೂಗಿದ ಹಾಗೆ ಆಡಿಸುತ್ತಿದ್ದಳು. ಗಡಿಯಾರ ಇರಲಿಲ್ಲ. ಊರಿನ ಪುಟ್ಟ ಇಗರ್ಜಿ, ನಮ್ಮ ಚಾಪೆಲಿನಲ್ಲಿ ಭಾನುವಾರ ಹಾಡುವ ಐದು ಚರಣದ ಒಂದು ಸ್ತುತಿಗೀತೆಯೇ ಗಡಿಯಾರ. ನಿಧಾನವಾಗಿ ಹಾಡಿದರೆ ಮೂರು ನಿಮಿಷ, ಮೂರು ಸಲ ಹಾಡಿದರೆ ರೀಲು ತೊಳೆದಂತೆ. ಹೊರಗೆ ಕಾಗೆ ಬಾಯ್ಬಿಡುವ ಬಿಸಿಲಿದ್ದರೂ ಒಳಗೆ ತಣ್ಣಗಿರುತ್ತಿತ್ತು. ತಳದ ಬಿರುಕಿನಿಂದ ಸುರಂಗದ ಗಾಳಿ ಮೇಲೆ ಬಂದು ಕಾಲಿಗೆ ತಾಗುತ್ತಿತ್ತು. ಗಾಳಿ ಒಂದೇ ಸಮನೆ ಬರುವುದಿಲ್ಲ, ಬಂದು ನಿಂತು ಬಂದು ನಿಂತು, ಉಸಿರಾಡಿದ ಹಾಗೆ ಬರುತ್ತದೆ ಎಂದು ಅವಳೇ ಹೇಳಿದ್ದಳು.

ಆಮೇಲೆ ಕೆಂಪು ದೀಪ ಹಚ್ಚಿ ಕಾಗದಕ್ಕೆ ಇಳಿಸುವ ಕೆಲಸ. ಬಿಳಿ ಕಾಗದ ತಟ್ಟೆಗೆ ಬಿಟ್ಟು, ಮುಖ ಮೂಡುವ ತನಕ ಅದರ ಮೇಲೆ ಬಗ್ಗಿ, "ಬಾ, ಬಾ, ಹೆದರಬೇಡ, ಬಾ" ಅಂತ ಕರೆಯುವಳು. ಆ ಕರೆಯುವ ದನಿ ಮುಚ್ಚಳದ ಮೇಲೆ ಕೂತವನಿಗೂ ಕೇಳಿಸುತ್ತಿತ್ತು. ಮೂಡಿದ ಮುಖಗಳು ಮಾತ್ರ ಎಂಥವು! ಮೊಣಕಾಲುದ್ದ ನೀರಿನಲ್ಲಿ ನಿಂತು ಏಡಿ ಗೋರುವ ಹೆಂಗಸರು, ಚಾಪೆಲಿನ ಚಹಾಕೂಟದಲ್ಲಿ ಮಾಂಸದ ಹೂರಣದ ಪ್ಯಾಸ್ಟಿ ಕಚ್ಚುವಾಗ ಕಣ್ಣು ಮುಚ್ಚಿದ ಪಾದ್ರಿ, ಗೋಧಿ ಮೂಟೆ ಹೊತ್ತು ಬೆನ್ನು ಬಾಗಿದ ಹಮಾಲರು. ಒಂದು ಕಾಸು ಮುಟ್ಟಲಿಲ್ಲ. ಊರಿನವರು ಅವಳ ಕೈಗೆ ಎಷ್ಟು ಪಳಗಿದ್ದರೆಂದರೆ, ಅವಳು ಕ್ಯಾಮೆರಾ ಹಿಡಿದು ಬರೀ ಕೈ ಬೀಸಿದರೆ ಸಾಕು, ಬೀಸಿದ ಕಡೆ ಸರಿಯುತ್ತಿದ್ದರು. ಕಾಲ ಕೆಳಗೆ ಏನಿದೆ ಎಂದು ಯಾರೂ ನೋಡುತ್ತಿರಲಿಲ್ಲ. ನಾನೇ ಒಮ್ಮೆ ಹಾಗೆ ಸರಿದು ಹಂದಿಯ ಬಾನಿಗೆ ಬಿದ್ದಿದ್ದೇನೆ.

ಮನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಅವಳು ಒಳಗಿರುವಾಗ ಮುಚ್ಚಳ ಎತ್ತಿದರೆ ಬೆಳಕು ಬಿದ್ದು ಎಲ್ಲ ಹಾಳು. ಅದಕ್ಕೆ ಬಂದವರು ಮೂರು ಸಲ ಬಡಿಯಬೇಕು. ಒಳಗಿಂದ ಒಂದೇ ಬಡಿತ ಬಂದರೆ 'ಇನ್ನೂ ಇಲ್ಲ, ತೆರೆಯಬೇಡ'. ಎರಡು ಬಂದರೆ 'ತೆರಿ'. ಗಾರ್ಫೀಲ್ಡ್ ತನ್ನ ತಂಬಾಕಿನ ಪೈಪಿನ ಬುಡದಿಂದ ಬಡಿಯುತ್ತಿದ್ದ. ಟಕ್ ಟಕ್ ಟಕ್. ಅದು ಬೀದಿಗೆ ಕೇಳುತ್ತಿತ್ತು.

ಗಾರ್ಫೀಲ್ಡ್ ಬಂದರಿನಲ್ಲಿ ಗೋಧಿ ಮೂಟೆ ತೂಗುವವನು. ಚಾಪೆಲಿನ ಹಾಡುಗಾರರಲ್ಲಿ ಎಲ್ಲರಿಗಿಂತ ಕೆಳದನಿ ಅವನದು. ಅವನು ಹಾಡಿದರೆ ಕೂತ ಬೆಂಚು ಗುಂಯ್ ಅನ್ನುತ್ತಿತ್ತು. ನಗುಮುಖದ ಮನುಷ್ಯ. 1957ರಲ್ಲಿ ಗೋಧಿಗೆ ದೊಡ್ಡ ಕಣಜ ಬಂತು, ಮೂಟೆ ಹೋಯಿತು, ತೂಗುವವನ ಕೆಲಸವೂ ಹೋಯಿತು. ಅವನು ಮಾತು ಕಡಿಮೆ ಮಾಡಿದ. ಆದರೂ ಮರುವರ್ಷ ಕೊನೆಯ ಬಾಕಿ ಸಂಬಳ ಕೈಗೆ ಬಂದಾಗ ಅಡಿಲೇಡಿಗೆ ಹೋಗಿ ಹೆಂಡತಿಗೆ ಒಂದು ಕ್ಯಾಮೆರಾ ತಂದ. ಎದೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನಲ್ಲಿ ನೋಡುವಂಥದ್ದು. ಅವಳ ಹಳೆಯದು ಕಣ್ಣಿಗಿಟ್ಟು ನೋಡುವಂಥದ್ದಾಗಿತ್ತು.

ಹತ್ತು ದಿನ ಕಳೆದು, 1958ರ ಮಾರ್ಚಿನ ಒಂದು ಭಾನುವಾರ, ಗಾರ್ಫೀಲ್ಡ್ ಆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಳೇ ಗಣಿದಿಬ್ಬದ ಕಡೆ ಹೋದದ್ದನ್ನು ಎದುರುಮನೆಯ ಮಿಸೆಸ್ ಟ್ರೆಜೈಸ್ ನೋಡಿದಳು. ಮತ್ತೆ ಅವನನ್ನು ಯಾರೂ ನೋಡಲಿಲ್ಲ.

ಆ ಸಂಜೆ ಐದು ಗಂಟೆಗೆ ಥರ್ಜಾ ನನ್ನ ಹಿತ್ತಿಲ ಬಾಗಿಲು ತಟ್ಟಿದಳು. ಭಾನುವಾರ ನಮ್ಮಲ್ಲಿ ಸೂಜಿ ಮಾರಿದರೂ ಪಾಪ. ಅವಳ ಬೂಟಿಗೆ ಗಣಿದಿಬ್ಬದ ಕೆಂಪು ಮಣ್ಣು ಮೆತ್ತಿತ್ತು.

"ಒಂದು ರೀಲು ಕೊಡು ಹೆಡ್ಲಿ."

"ಇವತ್ತಾ? ನಾಳೆ ಬಾರೆ. ನನ್ನನ್ನ ಚಾಪೆಲಿಂದ ಓಡಿಸ್ತಾರೆ."

"ಕೊಡೋ. ಯಾಕೆ ಅಂತ ಕೇಳಬೇಡ."

ಕೊಟ್ಟೆ. ಕತ್ತಲಾಗುವ ಮೊದಲು ಅವಳೇ ಪೊಲೀಸರ ಹತ್ತಿರ ಹೋದಳು. ಗಂಡ ಬಂದಿಲ್ಲ, ಹುಡುಕಿಕೊಂಡು ಹೋದೆ, ದಿಬ್ಬದ ಹಿಂದಿನ ಗಣಿಬಾವಿಯ ಅಂಚಿನಲ್ಲಿ ಟೋಪಿ ಮತ್ತು ಕ್ಯಾಮೆರಾ ಬಿದ್ದಿದ್ದವು ಅಂದಳು. ಬಾವಿ ಮುನ್ನೂರು ಅಡಿ, ಬದಿಗಳಲ್ಲಿ ಸುರಂಗ, ತಳದಲ್ಲಿ ನೀರು. ಹಗ್ಗ ಬಿಟ್ಟರು, ಕೊಕ್ಕೆ ಬಿಟ್ಟರು, ಏನೂ ಸಿಗಲಿಲ್ಲ. ಪೊಲೀಸರು ಕ್ಯಾಮೆರಾದೊಳಗಿನ ರೀಲು ತೊಳೆಸಿ ನೋಡಿದರು. ಪೂರ್ತಿ ಖಾಲಿ.

ಅಲ್ಲಿಂದ ಶುರುವಾಯಿತು ಊರ ಬಾಯಿ. ಕ್ಯಾಮೆರಾ ಹಿಡಿದು ಹೋದವನು ಒಂದೂ ಫೋಟೋ ತೆಗೆದಿಲ್ಲ ಅಂದರೆ ಅವನು ಹೋದದ್ದು ಫೋಟೋಗಲ್ಲ. ಕೆಲಸ ಬೇರೆ ಹೋಗಿತ್ತು. "ಪಾಪ, ತಾನಾಗೇ ಹಾರಿದಾನೆ" ಅಂತ ಮಿಸೆಸ್ ಟ್ರೆಜೈಸ್ ಪಿಸುಗುಟ್ಟಿದ್ದು ಮೂರು ಬೀದಿಗೆ ಕೇಳಿಸಿತು. ಚಾಪೆಲಿನ ಗೋಡೆಯಲ್ಲಿ ತೀರಿಕೊಂಡ ಹಾಡುಗಾರರ ಹೆಸರಿನ ಹಲಗೆಯೊಂದಿದೆ. ಆತ್ಮಹತ್ಯೆ ಪಾಪವೆಂದು ಗಾರ್ಫೀಲ್ಡನ ಹೆಸರು ಅದರ ಮೇಲೆ ಏರಲಿಲ್ಲ. ಅವನು ನಿಲ್ಲುತ್ತಿದ್ದ ಜಾಗದಲ್ಲಿ ಬೇರೆಯವರು ನಿಲ್ಲಲೂ ಇಲ್ಲ.

ಆ ಖಾಲಿ ರೀಲು ಭಾನುವಾರ ಸಂಜೆ ನಾನೇ ಕೊಟ್ಟದ್ದು ಎಂದು ನನಗೆ ಗೊತ್ತಿತ್ತು. ಅಂದರೆ ನಿಜವಾದ ರೀಲು ಅವಳ ಹತ್ತಿರ ಇದೆ. ಬಾಯಿ ಬಿಟ್ಟರೆ ಬಣ್ಣಗೇಡು, ನನ್ನದೂ ಅವಳದೂ. ಸುಮ್ಮನಿದ್ದೆ. ಒಂದು ತಿಂಗಳು ಬಿಟ್ಟು ನೇರವಾಗಿ ಕೇಳಿದೆ. ಅವಳು ಮುಚ್ಚುಮರೆ ಮಾಡದೆ ಚಹಾದ ತಗಡಿನ ಡಬ್ಬಿ ತೆರೆದು ತೋರಿಸಿದಳು. ರೀಲು ಒಳಗಿತ್ತು. ಅದರ ಅಂಟುಪಟ್ಟಿಯನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿದ್ದಳು.

"ಇದರಲ್ಲಿ ಎಂಟು ಫೋಟೋ ಇದೆ" ಅಂದಳು.

"ತೊಳಿಯೇ ಪುಣ್ಯಾತ್ಗಿತ್ತಿ! ಅವನ ಹೆಸರಾದ್ರೂ ಉಳಿಯುತ್ತೆ."

"ಇನ್ನೂ ಇಲ್ಲ."

ಪ್ರತಿ ಮಾರ್ಚಿನಲ್ಲೂ ಕೇಳಿದೆ. ಪ್ರತಿ ಸಲವೂ ಅದೇ 'ಇನ್ನೂ ಇಲ್ಲ'. ನನಗೆ ಸಿಟ್ಟು ಬರುತ್ತಿತ್ತು. ಗಂಡನ ಹೆಸರು ಕೊಚ್ಚೆಯಲ್ಲಿ ಬಿದ್ದಿರುವಾಗ ಇವಳು ಏಡಿ ಗೋರುವವರ ಫೋಟೋ ತೆಗೆಯುತ್ತಾಳೆ, ಅದೂ ಹಳೇ ಕ್ಯಾಮೆರಾದಲ್ಲಿ. ಹೊಸದನ್ನು ಪೊಲೀಸರು ಹಿಂದಿರುಗಿಸಿದ ಮೇಲೆ ಮುಟ್ಟಲೇ ಇಲ್ಲ. ರೀಲು ಹಾಗೇ ಇಟ್ಟರೆ ಬೆಳಕು ಬರೆದದ್ದು ವರ್ಷ ವರ್ಷಕ್ಕೆ ಮಾಸುತ್ತದೆ ಎಂದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಐದನೆಯ ವರ್ಷವಿರಬೇಕು. ಅಂಗಡಿಗೆ ಹೊಸ ಹೈಪೋ ಬಂದಿತ್ತು, ತಲುಪಿಸೋಣವೆಂದು ಮಧ್ಯಾಹ್ನ ಅವಳ ಹಿತ್ತಿಲಿಗೆ ಹೋದೆ. ಒಳಗೆ ಹಾಡು ಕೇಳುತ್ತಿತ್ತು. ಮುಚ್ಚಳದ ಮೇಲೆ ಮೂರು ಸಲ ಬಡಿದೆ. ಒಳಗಿಂದ ಒಂದು ಬಡಿತ ಬಂತು. ಸರಿ ಎಂದು ಮುಚ್ಚಳದ ಮೇಲೇ ಕೂತು ಪೈಪು ಹಚ್ಚಿದೆ. ಹಾಡು ಎರಡನೆಯ ಸಲ ಮುಗಿದು ಮೂರನೆಯದು ಶುರುವಾಯಿತು. ಆಗ ಮತ್ತೆ ಕೇಳಿಸಿತು, ಟಕ್ ಟಕ್ ಟಕ್. ನನ್ನ ಕೈಗಳು ಪೈಪಿನ ಮೇಲಿದ್ದವು. ಸದ್ದು ಮುಚ್ಚಳದಿಂದ ಬಂದದ್ದಲ್ಲ, ಬಹಳ ಕೆಳಗಿನಿಂದ ಬಂದದ್ದು. ಹಾಡು ನಿಂತಿತು. ಅವಳ ಒಂದು ಬಡಿತ ಕೇಳಿಸಿತು. ಹಾಡು ಬಿಟ್ಟ ಜಾಗದಿಂದ ಮತ್ತೆ ಶುರುವಾಯಿತು.

ಅವಳು ಮೇಲೆ ಬಂದಾಗ ನನ್ನ ಮುಖ ನೋಡಿದಳು. "ಕೇಳಿಸ್ತಾ?"

"ಇಲಿ ಇರಬೇಕು."

"ಇಲಿ ಮೂರು ಎಣಿಸುತ್ತೇನೋ, ದಡ್ಡ?" ಅಂದಳು. ಆಮೇಲೆ ಕೈ ಒರೆಸಿಕೊಳ್ಳುತ್ತ, ಹಾಲಿನವನು ಬಂದಿದ್ದ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. "ಬಾವಿಯ ಸುರಂಗ ಇಲ್ಲೇ ಕೆಳಗೆ ಬರುತ್ತಲ್ಲ. ಅವತ್ತಿಂದ ನಾನು ಒಳಗೆ ಇಳಿದಾಗೆಲ್ಲ ಬಡೀತಾನೆ. ತೆರೀಲಾ ಅಂತ ಕೇಳ್ತಾನೆ. ಇನ್ನೂ ಇಲ್ಲ ಅಂತೀನಿ."

ಹಳೇ ಗಣಿಯಲ್ಲಿ ಮರದ ಆಸರೆ ಕೊಳೆತು ಕಲ್ಲು ಉದುರುತ್ತದೆ, ಅದರ ಸದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಅಂದಿನಿಂದ ಪುಡಿಯನ್ನು ಅಡುಗೆಮನೆ ಬಾಗಿಲಲ್ಲಿಟ್ಟು ಬರತೊಡಗಿದೆ.

1976ರ ಹೊತ್ತಿಗೆ ಅವಳ ಕಣ್ಣು ಹೋಯಿತು. ಊರಿಗೆ ಬಹಳ ದಿನ ತಿಳಿಯಲೇ ಇಲ್ಲ. ಐವತ್ತು ವರ್ಷ ಕಗ್ಗತ್ತಲಲ್ಲಿ ಕೈಯಿಂದಲೇ ಕೆಲಸ ಮಾಡಿದವಳು, ಕುರುಡಿಯಾಗಿ ಅಂಗಡಿಗೆ ಬಂದರೂ ಮೆಟ್ಟಿಲು ತಪ್ಪುತ್ತಿರಲಿಲ್ಲ. ಒಂದು ದಿನ ಕಾಗದದ ಕಟ್ಟನ್ನು ತಲೆಕೆಳಗಾಗಿ ಹಿಡಿದು "ಬೆಲೆ ಏನು ಬರೆದಿದೆ?" ಎಂದಾಗ ನನಗೆ ಹೊಳೆಯಿತು.

ಮರುವರ್ಷ ಜನವರಿಯ ಒಂದು ಮಧ್ಯಾಹ್ನ ಬಂದಳು. ಬೀದಿಯ ಡಾಂಬರು ಕರಗುತ್ತಿತ್ತು. ಡಬ್ಬಿ ಕಂಕುಳಲ್ಲಿತ್ತು.

"ಹೆಡ್ಲಿ, ಇವತ್ತು ತೊಳೀತೀನಿ. ಕೈ ಇದೆ, ಕಣ್ಣಿಲ್ಲ. ನಿನ್ನ ಕಣ್ಣು ಬೇಕು."

"ಅಡಿಲೇಡಿಗೆ ಕಳಿಸೋಣ್ವಾ?"

"ಬೇರೆಯವರ ಕೈಗೆ ಗಂಡನ್ನ ಕಳಿಸ್ಲಾ? ಬಾರೋ. ಹೆದರ್ತೀಯಾ?"

ಹೆದರಿದ್ದೆ. ಹೋದೆ. ತಲೆ ಮೇಲೆ ಮುಚ್ಚಳ ಎಳೆದುಕೊಂಡು ಅವಳ ಹಿಂದೆ ಏಣಿಯ ಹತ್ತು ಮೆಟ್ಟಿಲು ಇಳಿದೆ. ಹೊರಗಿನ ಬಿಸಿಲು ಒಂದೇ ಏಟಿಗೆ ಇಲ್ಲವಾಯಿತು. ಕಣ್ಣು ತೆರೆದರೂ ಮುಚ್ಚಿದರೂ ಒಂದೇ. ಕಾಲಿನ ಹತ್ತಿರ ತಣ್ಣನೆಯ ಗಾಳಿ ಬಂತು, ನಿಂತಿತು, ಬಂತು. ಕತ್ತಲಲ್ಲಿ ಅವಳು ಅಂಟುಪಟ್ಟಿ ಹರಿದ ಸದ್ದು ಕೇಳಿತು, ಕಾಗದದಿಂದ ಫಿಲಂ ಬಿಡಿಸಿದ ಸದ್ದು ಕೇಳಿತು.

"ಉಸಿರು ಸಾಲಲ್ಲ ನನಗೆ. ನೀನು ಹಾಡು. ನಿನ್ನದು ಕತ್ತೆ ದನಿ, ಆದ್ರೆ ಕಾಲ ತಪ್ಪಲ್ಲ. ಹಳೇ ರೀಲು, ನಾಲ್ಕು ಸಲ ಹಾಡಬೇಕು."

ಹಾಡಿದೆ. ಫಿಲಂ ತಟ್ಟೆಯಲ್ಲಿ ಏರಿ ಇಳಿಯುವ ನೀರಿನ ಸದ್ದು ಹಾಡಿಗೆ ತಾಳ ಹಾಕುತ್ತಿತ್ತು. ಮೂರನೆಯ ಸಲದ ನಾಲ್ಕನೆಯ ಚರಣದಲ್ಲಿ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದೆ. ಹಾಡು ನಿಲ್ಲಲಿಲ್ಲ. ಅರ್ಧ ಸಾಲು, ನನಗಿಂತ ಬಹಳ ಕೆಳಗಿನ ದನಿಯಲ್ಲಿ, ನಾನು ಇಲ್ಲದೆಯೇ ಮುಂದುವರಿದು ಮುಗಿಯಿತು. ತೊಟ್ಟಿಯ ಗೋಡೆ ದನಿಯನ್ನು ಹಿಡಿದಿಟ್ಟು ತಿರುಗಿ ಕೊಡುತ್ತದೆ ಅನ್ನಿ, ನಾನೂ ಹಾಗೆಯೇ ಅಂದುಕೊಂಡೆ. ಆದರೆ ನನ್ನ ಬೂಟಿನೊಳಗಿನ ಕಾಲಿಗೆ ನೆಲ ಗುಂಯ್ ಅಂದದ್ದು ತಿಳಿಯಿತು.

"ನಿಲ್ಲಿಸಬೇಡ" ಅಂದಳು ಥರ್ಜಾ. ನಿಲ್ಲಿಸಲಿಲ್ಲ.

ನಾಲ್ಕು ಸಲ ಮುಗಿಯಿತು. ಫಿಲಂ ಹೈಪೋಗೆ ಹೋಯಿತು. ಹುಳಿ ವಾಸನೆ ಮೂಗಿಗೆ ಅಡರಿತು. ದೀಪಕ್ಕೆ ಕೈ ಚಾಚಿದೆ.

"ಈಗಲೇ ಬೇಡ. ಮೊದಲು ನಾನು ಹೇಳೋದು ಕೇಳು. ಮುಖ ಕಾಣ್ತಿದ್ರೆ ಹೇಳೋಕಾಗಲ್ಲ."

"ನಿನಗೆ ಹೇಗಿದ್ರೂ ಕಾಣಲ್ಲ."

"ನಿನಗೆ ಕಾಣುತ್ತಲ್ಲೋ."

ಹೇಳಿದಳು. "ಅವತ್ತು ನಾನೂ ಅಲ್ಲಿದ್ದೆ ಹೆಡ್ಲಿ. ಅವನು ಮುಂದೆ ಹೋದ, ನಾನು ಆಮೇಲೆ ಹಿತ್ತಿಲ ದಾರಿಯಿಂದ ಹೋದೆ. ಎಂಟೂ ಫೋಟೋ ನಾನೇ ತೆಗೆದಿದ್ದು. ಅವನನ್ನ ಬಾವಿ ಹತ್ರ ನಿಲ್ಲಿಸಿದ್ದೆ, ಹಿಂದೆ ಚಿಮಣಿ ಬರಲಿ ಅಂತ. ಬಗ್ಗಿ ಗಾಜಿನಲ್ಲಿ ನೋಡಿದ್ರೆ ಬಾವಿ ಬಾಯಿ ಅವನಿಗೆ ತೀರಾ ಹತ್ರ ಕಾಣ್ತು, ಎಡಗಡೆ. ದೂರ ಸರಿಸೋಣ ಅಂತ ಬಲಗಡೆಗೆ ಕೈ ಬೀಸಿದೆ. ಎರಡು ಹೆಜ್ಜೆ, ಆ ಕಡೆ. ಆ ಹಾಳು ಗಾಜಿನಲ್ಲಿ ಎಡ ಬಲ ಅದಲುಬದಲು ಕಾಣುತ್ತೆ ಕಣೋ. ನನ್ನ ಕೈಗೆ ಇನ್ನೂ ಪಳಗಿರಲಿಲ್ಲ. ಬಾವಿ ಬಲಗಡೆ ಇತ್ತು."

ನಾನು ಕತ್ತಲಲ್ಲಿ ತಡಕಿ ಏಣಿ ಹಿಡಿದುಕೊಂಡೆ.

"ಗುಂಡಿ ಒತ್ತಿದೆ. ತಲೆ ಎತ್ತಿದೆ. ಯಾರೂ ಇರಲಿಲ್ಲ. ಕೂಗಲೂ ಇಲ್ಲ ಅವನು. ಕರೆದೆ, ಎಷ್ಟು ಹೊತ್ತು ಕರೆದೆ. ಮನೆಗೆ ಬಂದು ರೀಲು ತೆಗೆದೆ. ನಾನೇ ಕೈ ಬೀಸಿ ತಳ್ಳಿದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಖಾಲಿ ರೀಲು ಕೊಟ್ಟೆ. ಅದರಿಂದ ಅವನ ಹೆಸರು ಹೋಗುತ್ತೆ ಅಂತ ಹೊಳೀಲಿಲ್ಲ. ಹೊಳೆದ ಮೇಲೆ ಧೈರ್ಯ ಬರಲಿಲ್ಲ." ಅವಳು ಉಸಿರೆಳೆದುಕೊಂಡಳು. "ಎಂಟನೇದು ನೋಡು. ನನ್ನ ಕಡೆ ಮುಖ ಮಾಡಿದ್ರೆ ನನ್ನ ಕೈ ನೋಡಿ ಸರಿದ ಅಂತ. ಬೆನ್ನು ಹಾಕಿದ್ರೆ ಊರು ಹೇಳಿದ್ದೇ ಸರಿ, ತಾನಾಗೇ ಹೋದ ಅಂತ. ಎರಡರಲ್ಲಿ ಒಂದು. ಯಾವುದಿದ್ರೂ ಹೇಳು."

ಆಗ ನಮ್ಮ ಕಾಲ ಕೆಳಗಿನಿಂದ ಮೂರು ಸಲ ಬಡಿಯಿತು. ಇಷ್ಟು ಹತ್ತಿರದಿಂದ ನಾನು ಕೇಳಿರಲಿಲ್ಲ. ಒದ್ದೆ ಮರಕ್ಕೆ ಪೈಪಿನ ಬುಡ ತಾಗಿದ ಸದ್ದು. ಥರ್ಜಾ ಬಗ್ಗಿ ಬೆರಳ ಗೆಣ್ಣಿನಿಂದ ನೆಲಕ್ಕೆ ಒಂದು 'ಟಕ್' ಅಂದಳು. "ನೋಡ್ತಾ ಇದೀವಿ, ತಾಳು" ಅಂತ ಬಾಯಲ್ಲೂ ಹೇಳಿದಳು.

ದೀಪ ಹಾಕಿದೆ. ಒದ್ದೆ ಫಿಲಂ ಎತ್ತಿ ಬಲ್ಬಿಗೆ ಹಿಡಿದೆ. ಹತ್ತೊಂಬತ್ತು ವರ್ಷಕ್ಕೆ ಮಾಸಿತ್ತು, ಆದರೂ ಇತ್ತು. ಏಳು ಫೋಟೋಗಳಲ್ಲಿ ದಿಬ್ಬ, ಚಿಮಣಿ, ಎಂಜಿನ್ ಮನೆ, ಪ್ಯಾಸ್ಟಿ ತಿನ್ನುವ ಗಾರ್ಫೀಲ್ಡ್. ಎಂಟನೆಯದಕ್ಕೆ ಬಂದೆ. ನೆಗೆಟಿವಿನಲ್ಲಿ ಎಲ್ಲ ತಿರುಗುಮುರುಗು. ಆಕಾಶ ಕಪ್ಪು, ಅವನ ಮುಖ ಕಪ್ಪು, ಹಲ್ಲೂ ಕಪ್ಪು. ಗಣಿಬಾವಿಯ ಬಾಯಿ ಮಾತ್ರ ಬೆಳ್ಳಗೆ, ದೀಪ ಹಚ್ಚಿಟ್ಟ ಬಾಗಿಲಿನ ಹಾಗೆ ಹೊಳೆಯುತ್ತಿತ್ತು. ಗಾರ್ಫೀಲ್ಡನ ಒಂದು ಕಾಲು ಆ ಬೆಳಕಿನ ಮೇಲೆ ಎತ್ತಿದ ಹಾಗೇ ಇತ್ತು. ಟೋಪಿ ಕೈಯಲ್ಲಿತ್ತು. ಮುಖ ನೇರವಾಗಿ ಅವಳ ಕಡೆಗಿತ್ತು. ಹೊಸ ಕ್ಯಾಮೆರಾದ ಮೇಲೆ ಬಗ್ಗಿದ ಹೆಂಡತಿಯನ್ನು ನೋಡಿ ಬಾಯ್ತುಂಬ ನಗುತ್ತಿದ್ದ. ಕೆಲಸ ಹೋದ ಮೇಲೆ ಅವನು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ.

"ಹೇಳು" ಅಂದಳು ಥರ್ಜಾ. ಅವಳ ಕುರುಡು ಕಣ್ಣು ನನ್ನ ಕಿವಿಯ ಪಕ್ಕ ಎಲ್ಲೋ ನೋಡುತ್ತಿತ್ತು. ಅರವತ್ತಾರು ವರ್ಷದ ಆ ಮುಖವನ್ನೇ ನೋಡಿದೆ. ಸತ್ತವನ ಹೆಸರು ಮುಖ್ಯವೋ, ಬದುಕಿದವಳ ನೆಮ್ಮದಿ ಮುಖ್ಯವೋ? ನಾನು ಅವಳನ್ನು ನಲವತ್ತು ವರ್ಷದಿಂದ ಪ್ರೀತಿಸಿದ್ದೆ.

"ಬೆನ್ನು ಹಾಕಿದಾನೆ" ಅಂದೆ. "ನಿನ್ನ ಕಡೆ ನೋಡ್ತಾನೇ ಇಲ್ಲ. ತಾನಾಗೇ ಹೋಗ್ತಿದಾನೆ ಥರ್ಜಾ. ನಿನ್ನದೇನೂ ತಪ್ಪಿಲ್ಲ."

ಅವಳು ಕೈ ಚಾಚಿ ಒದ್ದೆ ಫಿಲಮ್ಮಿನ ಅಂಚು ಮುಟ್ಟಿದಳು.

"ಟೋಪಿ ಎಲ್ಲಿದೆ?"

"ತಲೆ ಮೇಲೆ."

"ಮುಖಕ್ಕೆ ನೆರಳು ಬೀಳುತ್ತೆ ಅಂತ ಟೋಪಿ ತೆಗೆಸಿದ್ದೇ ನಾನು ಹೆಡ್ಲಿ. ಕೈಯಲ್ಲಿ ಹಿಡಿದಿದ್ದ. ನಗ್ತಿದ್ದ. ಗಾಜಿನಲ್ಲಿ ನೋಡಿದೀನಿ. ಹತ್ತೊಂಬತ್ತು ವರ್ಷದಿಂದ ನೋಡ್ತಾನೇ ಇದೀನಿ."

"ಮತ್ಯಾಕೆ ಕೇಳಿದೆ?"

"ನಾನೊಬ್ಬಳೇ ನೋಡಿದ್ದು ಸಾಕಾಗಿತ್ತು. ಇನ್ನೊಬ್ರು ನೋಡಿ, ಹೌದು ಅಂತ ನನ್ನ ಮುಖಕ್ಕೆ ಹೇಳಲಿ ಅಂತ. ನೀನು ಹೌದು ಅಂದಿದ್ರೆ ಇವತ್ತೇ ಅವನಿಗೆ ಎರಡು ಸಲ ಬಡೀತಿದ್ದೆ." ಬೈಯುವ ದನಿಯಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈಗ ನೀನೂ ನನ್ನ ಹಾಗೇ ಆದೆ. ಆ ಫಿಲಂ ನೀನೇ ಇಟ್ಕೋ. ಯಾವಾಗ ತೆರೀಬೇಕು ಅನ್ನೋದೂ ನಿನಗೇ ಬಿಟ್ಟಿದ್ದು."

ಏಳು ವಾರ ಕಳೆದು, ಮಾರ್ಚಿನಲ್ಲಿ ಅವಳು ನಿದ್ದೆಯಲ್ಲೇ ಹೋದಳು. ಮನೆ, ತೊಟ್ಟಿ ಎರಡನ್ನೂ ನನ್ನ ಹೆಸರಿಗೆ ಬರೆದಿದ್ದಳು. ಊರು ಕಣ್ಣು ಮಿಟುಕಿಸಿ ನಕ್ಕಿತು. ನಗಲಿ. ಅವಳ ಸಮಾಧಿಗೆ ಊರಿಗೆ ಊರೇ ಬಂದಿತ್ತು. ಒಬ್ಬೊಬ್ಬರ ಮನೆಗೋಡೆಯಲ್ಲೂ ಅವಳು ತೆಗೆದ ಮುಖಗಳಿವೆ. ಅಂಥವಳನ್ನು ಗಂಡನ ಸಾವಿಗೆ ಕಾರಣವಾದವಳು, ಪೊಲೀಸರಿಗೆ ಸುಳ್ಳು ಹೇಳಿದವಳು ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಕಲ್ಲು ನೆಟ್ಟ ಮೇಲೆ ಹೇಳೋಣ ಅಂದುಕೊಂಡೆ. ಕಲ್ಲು ನೆಟ್ಟಾಯಿತು. ವರ್ಷ ತುಂಬಲಿ ಅಂದುಕೊಂಡೆ. ನಡುವೆ ತಟ್ಟೆ, ಬಾಟಲಿ ತೆಗೆದಿಡಲು ತೊಟ್ಟಿಗೆ ನಾಲ್ಕೈದು ಸಲ ಇಳಿದೆ. ಪ್ರತಿ ಸಲವೂ ಮೂರು ಬಡಿತ. ನನಗೆ ಅರಿವಿಲ್ಲದೆ ನನ್ನ ಕೈ ನೆಲಕ್ಕೆ ಹೋಗಿ ಒಂದು ಸಲ ಬಡಿಯುತ್ತಿತ್ತು.

ಈ ಮಾರ್ಚಿನಲ್ಲಿ ಅವಳು ಹೋಗಿ ವರ್ಷವಾಯಿತು. ಆ ದಿನ ಕೆಂಪು ದೀಪ ಹಚ್ಚಿ, ಎಂಟನೆಯ ನೆಗೆಟಿವನ್ನು ಕಾಗದದ ಮೇಲಿಟ್ಟು, ಅವಳು ಮಾಡುತ್ತಿದ್ದ ಹಾಗೆಯೇ ಮಾಡಿದೆ. ಮೊದಲ ಮೂರು ಕಾಗದ ಹಾಳಾದವು. ನಾಲ್ಕನೆಯದರಲ್ಲಿ ಮೊದಲು ಬಾವಿಯ ಬಾಯಿ ಕಪ್ಪಾಯಿತು, ಆಮೇಲೆ ಟೋಪಿ ಬಂತು, ಎಲ್ಲಕ್ಕಿಂತ ಕೊನೆಗೆ ನಗು ಬಂತು. "ಬಾ, ಬಾ" ಅನ್ನುತ್ತಿದ್ದೆ ನಾನು. ಹೇಳಿದ್ದು ನನ್ನ ಕಿವಿಗೇ ಕೇಳಿಸಿದಾಗ ಬಾಯಿ ಮುಚ್ಚಿಕೊಂಡೆ.

ಇವತ್ತು ಭಾನುವಾರ. ಬೆಳಿಗ್ಗೆ ಚಾಪೆಲಿನ ಹೆಸರಿನ ಹಲಗೆಯ ಕೆಳಗೆ ಆ ಫೋಟೋ ಅಂಟಿಸಿ, ಪ್ರಾರ್ಥನೆ ಮುಗಿದ ಮೇಲೆ ಎದ್ದುನಿಂತು ಎಲ್ಲ ಹೇಳಿದೆ. ಕೈ ಬೀಸಿದ್ದು, ಗಾಜಿನ ಎಡಬಲ, ಭಾನುವಾರ ನಾನು ಮಾರಿದ ರೀಲು, ನಾನು ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ತೊಂಬತ್ತರ ಮಿಸೆಸ್ ಟ್ರೆಜೈಸ್ ಕೋಲೂರಿಕೊಂಡು ಹೋಗಿ ಫೋಟೋಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. "ನಗ್ತಿದಾನಲ್ಲೋ" ಅಂದಳು. "ನಾವು ಏನೆಲ್ಲ ಅಂದ್ವಿ." ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ನಾನು ಕಾಯಲಿಲ್ಲ. ಸೀದಾ ಥರ್ಜಾಳ ಹಿತ್ತಿಲಿಗೆ ಬಂದು, ಮುಚ್ಚಳ ಎಳೆದುಕೊಂಡು, ತೊಟ್ಟಿಗಿಳಿದು, ದೀಪ ಹಾಕದೆ ಕೂತೆ.

ಬಹಳ ಹೊತ್ತಾಗಲಿಲ್ಲ. ಕೆಳಗಿನಿಂದ ಮೂರು ಸಲ ಬಡಿಯಿತು.

ನಾನು ಬಗ್ಗಿ ನೆಲಕ್ಕೆ ಎರಡು ಸಲ ಬಡಿದೆ. ಕಾಲಿನ ಹತ್ತಿರ ಬರುತ್ತಿದ್ದ ಗಾಳಿ ನಿಂತುಹೋಯಿತು. ಏಣಿ ಕೈಗೆಟಕುವಷ್ಟು ಹತ್ತಿರವಿತ್ತು, ಹತ್ತಲಿಲ್ಲ. ಅವನು ಬರಲಿ ಎಂದು ಅಲ್ಲೇ ಕೂತು ಕಾದೆ.